ಕಂಬಕ್ಕೆ ಕೊಟ್ಟ ಮಾತು

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡಿಗೆ ಹೋದಾಗಲೆಲ್ಲ ನಾನು ಮೊದಲು ಹುಡುಕುವುದು ಹೊಯ್ಸಳೇಶ್ವರ ಗುಡಿಯ ಗರುಡಗಂಬವನ್ನು. ಇಮ್ಮಡಿ ಬಲ್ಲಾಳನಿಗೆ ಕೊಟ್ಟ ಮಾತಿನಂತೆ ಕುವರ ಲಕ್ಷ್ಮ ಮಡದಿ, ಸಂಗಡಿಗರೊಡನೆ ಪ್ರಾಣ ಬಿಟ್ಟ ಕಥೆ ಅದರಲ್ಲಿದೆ. ಆ ನಿಷ್ಠೆಗೆ ತಲೆಬಾಗುತ್ತೇನೆ, ಹೆದರುತ್ತೇನೆ ಕೂಡ. ಅದು ಒಬ್ಬ ಮನುಷ್ಯನ ಮೇಲಿನ ನಿಷ್ಠೆ. ಮುಂದೆ ಸೋಮೇಶ್ವರನ ಮಕ್ಕಳು, ದೋರಸಮುದ್ರದ ಮುಮ್ಮಡಿ ನರಸಿಂಹ ಮತ್ತು ಕಣ್ಣನೂರಿನ ರಾಮನಾಥ, ಕಾದಾಡಿದಾಗ ಎರಡೂ ಕಡೆಯ ಸೈನಿಕರು ನಿಷ್ಠಾವಂತರೇ ಆಗಿದ್ದಿರಬೇಕು. ಇಬ್ಬರು ಅರಸರನ್ನೂ ತಡೆದು ಕೇಳಬಲ್ಲ ಮೂರನೆಯದೊಂದು ಇರಲಿಲ್ಲ.

ಸಂವಿಧಾನವೇ ಆ ಮೂರನೆಯದು ಎಂದು ನಂಬಿದ್ದೆ. ಆದರೆ 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ, ಸಂವಿಧಾನದ ಹೆಸರಲ್ಲಿ ಪ್ರಮಾಣ ಮಾಡಿದ್ದ ಲಿಂಕನ್ನರೇ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತಿನಲ್ಲಿಟ್ಟರು. ಆ ಅಧಿಕಾರ ಶಾಸಕಾಂಗದ್ದೆಂದು ಮುಖ್ಯ ನ್ಯಾಯಮೂರ್ತಿ ಟೇನಿ ಹೇಳಿದರೂ ಅವರು ಕೇಳಲಿಲ್ಲ. (ಕರಿಯರಿಗೆ ಪೌರತ್ವವಿಲ್ಲವೆಂದು 1857ರಲ್ಲಿ ತೀರ್ಪಿತ್ತವರೂ ಇದೇ ಟೇನಿ, ಹಾಗಾಗಿ ಯಾರ ಪಕ್ಷ ವಹಿಸುವುದೂ ಸುಲಭವಲ್ಲ.) ಒಂದು ಕಾನೂನಿಗಾಗಿ ಮಿಕ್ಕೆಲ್ಲವನ್ನೂ ಕಳೆದುಕೊಳ್ಳಬೇಕೆ ಎಂಬ ಲಿಂಕನ್ನರ ವಾದಕ್ಕೆ ನಾನು ಅರ್ಧ ಒಪ್ಪುತ್ತೇನೆ. ಸೋಲುವ ಭಯವಿದ್ದೂ ಯುದ್ಧದ ನಡುವೆಯೇ 1864ರಲ್ಲಿ ಚುನಾವಣೆಗೆ ನಿಂತರಲ್ಲ, ಆ ಅರ್ಧ ಅದಕ್ಕಾಗಿ.

ನಮ್ಮಲ್ಲಿ ಯುದ್ಧವೇ ಬೇಕಾಗಲಿಲ್ಲ. 1975ರಲ್ಲಿ ‘ಆಂತರಿಕ ಕ್ಷೋಭೆ’ ಎಂಬ ಎರಡು ಪದ ಸಾಕಾಯಿತು. 1978ರಲ್ಲಿ 44ನೇ ತಿದ್ದುಪಡಿ ಆ ಪದಗಳನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು.