ಗಿಂಡಿಯೊಳಗಿನ ಕಾವೇರಿ

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಪುಟ್ಟ ತಾಮ್ರದ ಗಿಂಡಿಯಿದೆ. ತೀರ್ಥೋದ್ಭವಕ್ಕೆಂದು ತಲಕಾವೇರಿಗೆ ಹೋಗಿದ್ದ ಅಪ್ಪ ನೀರು ತುಂಬಿ, ಬಾಯಿಗೆ ಬೆಸುಗೆ ಹಾಕಿಸಿ ತಂದದ್ದು. 1989ರಲ್ಲಿ ಬ್ಯಾಂಕಿನವರು ನನ್ನನ್ನು ಮದ್ರಾಸಿಗೆ ವರ್ಗ ಮಾಡಿದಾಗ ಶ್ರೀರಂಗಪಟ್ಟಣದಿಂದ ಅದೂ ನನ್ನ ಜೊತೆ ಬಂತು. ಮೂವತ್ತು ವರ್ಷ ದಿನಾ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಹೇಗೆ ಅಂದರೆ, ಲೆಡ್ಜರಿಗೆ ಇನಿಷಿಯಲ್ ಹಾಕುವ ಹಾಗೆ. ಕೈ ದೇವರ ಮುಂದೆ, ತಲೆ ಮಾಂಬಲಂ ಸ್ಟೇಷನ್ನಿನಲ್ಲಿ.

ನಾನು ನಿವೃತ್ತನಾದದ್ದು 2019ರಲ್ಲಿ. ಆ ಜೂನ್‌ನಲ್ಲಿ ಚೆನ್ನೈಗೆ ನೀರು ಕೊಡುವ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಹೆಚ್ಚುಕಡಿಮೆ ಬತ್ತಿದವು. ನಮ್ಮ ಕಟ್ಟಡದ ಬೋರ್‌ವೆಲ್ಲು ಒಂದಷ್ಟು ಕೆಸರು ಕಾರಿ ಸುಮ್ಮನಾಯಿತು. ಟ್ಯಾಂಕರ್ ಬಂದ ದಿನ ಮನೆಗೆ ಆರು ಬಿಂದಿಗೆ. ಒಂದು ಬೆಳಗ್ಗೆ ಸಾಲಿಗ್ರಾಮದ ಅಭಿಷೇಕಕ್ಕೆಂದು ಚೊಂಬು ಹಿಡಿದು ಹೋದರೆ ನನ್ನಾಕೆ ತಡೆದಳು.

"ರೀ, ಇದು ಅನ್ನಕ್ಕಿಟ್ಟಿರೋ ನೀರು. ಏನ್ಮಾಡ್ಲಿ, ನೀವೇ ಹೇಳಿ."

ಒಂದೇ ಒಂದು ಉದ್ಧರಣೆ ನೀರು ಹಾಕಿದೆ. ಅದು ಕಲ್ಲಿನ ಮೇಲೆ ಹರಿದು ತಟ್ಟೆಗೆ ಇಳಿಯುವುದನ್ನು ಕೊನೆಯ ಹನಿಯವರೆಗೂ ನೋಡಿದೆ. ಪೂಜೆ ಅಂತ ಮಾಡಿದ್ದು ಇದೇ ಮೊದಲೇನೋ ಅನ್ನಿಸಿತು. ಹಿಂದೆಯೇ ನಾಚಿಕೆ. ಇಲ್ಲದಾಗ ಮಾತ್ರ ಕಣ್ಣು ಬಿಡುವ ಭಕ್ತಿ ಎಂಥ ಭಕ್ತಿ?

ಜುಲೈ 12ರಂದು ಜೋಲಾರ್‌ಪೇಟೆಯಿಂದ ಐವತ್ತು ವ್ಯಾಗನ್ನಿನ ರೈಲು 25 ಲಕ್ಷ ಲೀಟರ್ ನೀರು ಹೊತ್ತು ಬಂತು. ಬೆಂಗಳೂರಿಗೆ ಓಡಾಡುವ ನಮಗೆಲ್ಲ ಜೋಲಾರ್‌ಪೇಟೆ ಗೊತ್ತು. ನೀರು ಮಾತ್ರ ಮೆಟ್ಟೂರಿನದು, ಅಂದರೆ ಕಾವೇರಿ! ರೈಲೇನು, 2004ರಿಂದಲೇ ವೀರಾಣಂ ಕೆರೆಯಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಪೈಪಿನಲ್ಲಿ ಅವಳು ಈ ಊರಿಗೆ ಬರುತ್ತಿದ್ದಾಳೆ. ಗಿಂಡಿಯಲ್ಲಿದ್ದವಳಿಗೆ ಕುಂಕುಮ ಹಚ್ಚುತ್ತ, ಪೈಪಿನಲ್ಲಿ ಬಂದವಳಿಂದ ಸ್ಕೂಟರ್ ತೊಳೆದವನು ನಾನು.

ಮಂಡ್ಯದ ಕಡೆಯ ನನ್ನ ಭಾವಮೈದನಿಗೆ ಇದನ್ನು ಹೇಳಿದೆ. "ಹಂಗಾದ್ರೆ ಭಾವ, ನಮ್ ಗದ್ದೆ ನೀರಲ್ಲೇ ಮಡಿ ಸ್ನಾನ ಮಾಡ್ತಾ ಇದೀರಿ," ಅಂದ. ನಗುತ್ತಲೇ ಅಂದ, ನನಗೆ ನಗು ಬರಲಿಲ್ಲ. 1991ರಲ್ಲೂ 2016ರಲ್ಲೂ ಈ ನೀರಿಗಾಗಿ ಎರಡೂ ಕಡೆ ಏನೇನಾಯಿತು ಅನ್ನುವುದು ನಿಮಗೂ ಗೊತ್ತು. ಸುಪ್ರೀಂ ಕೋರ್ಟು 2018ರಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಎಂದು ಹಂಚಿತು. ಎಂ.ಕಾಂ. ಓದಿದವನಿಗೆ ಆ ಲೆಕ್ಕ ಅರ್ಥವಾಗುತ್ತದೆ. ಆದರೆ ಗದ್ದೆ ಒಣಗುವುದನ್ನು ನೋಡುತ್ತ ಕೂತವನ ಋಣವನ್ನು ಯಾವ ಖಾತೆಗೆ ಬರೆಯುವುದು? ದೇವರಿಗೆ ಕೈ ಮುಗಿಯುವುದು ಸುಲಭ, ಅವನು ತಿರುಗಿ ಏನೂ ಕೇಳುವುದಿಲ್ಲ. ಭಾವಮೈದ ಕೇಳುತ್ತಾನೆ.

ಗಿಂಡಿ ಈಗಲೂ ಗೂಡಿನಲ್ಲಿದೆ. ಬೆಳಗ್ಗೆ ನಲ್ಲಿ ತಿರುಗಿಸುವ ಮುಂಚೆ ಒಂದು ಗಳಿಗೆ ನಿಂತು, ಎಲ್ಲಿಂದ ಬಂದೆ ತಾಯಿ ಎಂದು ಮನಸ್ಸಿನಲ್ಲೇ ಕೇಳುತ್ತೇನೆ. ಎಷ್ಟೋ ದಿನ ಅದೂ ಮರೆತು, ಮುಖ ತೊಳೆದು ಟವೆಲ್ ಹಿಡಿದಾಗ ನೆನಪಾಗುತ್ತದೆ.