ನಿಂತ ರಥದ ಬೆಲೆ

ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಮೀನಿನ ಹರಾಜನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಅಲ್ಲಿ ಕಾಲವೇ ವಸ್ತುವಿನ ಶತ್ರು. ಬಿಸಿಲೇರಿದಂತೆ ಬುಟ್ಟಿಯ ಬೆಲೆ ಇಳಿಯುತ್ತದೆ. ಕೊಂಡವನು ಅಂದೇ ಮಾರಬೇಕು, ಇಲ್ಲವೇ ಅಂದೇ ಉಣ್ಣಬೇಕು. ಇದಕ್ಕೆ ನೇರ ವಿರುದ್ಧವಾದ ಹರಾಜೊಂದು 2015ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದಲ್ಲಿ ನಡೆಯಿತು. ರೋಜೆ ಬಾಯೋನ್ ಎಂಬ ಸಾರಿಗೆ ಉದ್ಯಮಿಯು ಕೂಡಿಟ್ಟು, ಪಶ್ಚಿಮ ಫ್ರಾನ್ಸಿನ ಹಳ್ಳಿಯೊಂದರ ಕೊಟ್ಟಿಗೆಗಳಲ್ಲಿ ದಶಕಗಳ ಕಾಲ ಧೂಳು, ತುಕ್ಕುಗಳ ಪಾಲಾಗಿದ್ದ ಮೋಟಾರು ವಾಹನಗಳು ಅಲ್ಲಿ ಸವಾಲಿಗೆ ಬಂದವು. ಅವುಗಳಲ್ಲಿ ಚಿತ್ರನಟ ಅಲೆನ್ ದೆಲೋ ಒಮ್ಮೆ ಇಟ್ಟುಕೊಂಡಿದ್ದ 1961ರ ಫೆರಾರಿ ತೆರೆದ ಕಾರೂ ಇತ್ತು. ಹಳೆಯ ಪತ್ರಿಕೆಗಳ ಕಟ್ಟುಗಳ ಕೆಳಗೆ ಹೂತಿದ್ದ ಆ ವಾಹನವನ್ನು ದುರಸ್ತಿ ಮಾಡಿಸದೆ, ಸಿಕ್ಕ ಸ್ಥಿತಿಯಲ್ಲಿಯೇ ಮುಂದಿಟ್ಟರು. ಅದು 1 ಕೋಟಿ 63 ಲಕ್ಷ ಯೂರೋಗಳಿಗೆ, ಎಂದರೆ ಅಂದಿನ ನಮ್ಮ ನೂರು ಕೋಟಿ ರೂಪಾಯಿಗಳಿಗೂ ಮಿಕ್ಕಿದ ಮೊತ್ತಕ್ಕೆ ಹೋಯಿತು.

ಓಡದೆ ನಿಂತ ವಾಹನಕ್ಕೆ ಇಷ್ಟು ಬೆಲೆ ಎಲ್ಲಿಂದ ಬಂದಿತು? ಸಿರಿವಂತರ ಹುಚ್ಚು ಎಂದು ನಕ್ಕು ಬಿಡುವುದು ಸುಲಭ. ಆದರೆ ಪ್ರಶ್ನೆ ನಮ್ಮ ಮನೆಯ ಅಟ್ಟಕ್ಕೂ ಕೊಟ್ಟಿಗೆಗೂ ಸಂಬಂಧಿಸಿದ್ದಾದುದರಿಂದ ತುಸು ನಿಂತು ವಿಚಾರಿಸುವುದು ಯುಕ್ತ.

ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡು ಸಾಲದಲ್ಲಿ ಮುಳುಗಿತ್ತು. ಉಕ್ಕಿಗೆ ಕೊರತೆ; ಹೊರದೇಶಕ್ಕೆ ಸರಕು ಕಳುಹಿಸಿ ಹಣ ತರುವ ಕಾರ್ಖಾನೆಗೆ ಮೊದಲ ಮನ್ನಣೆ. ಆ ಒತ್ತಡದಲ್ಲಿ ಹುಟ್ಟಿ ಬೆಳೆದವು ಈ ರೋಡ್‌ಸ್ಟರ್‌ಗಳು. ಇಬ್ಬರಿಗಷ್ಟೇ ಆಸನ, ತಲೆಯ ಮೇಲೆ ಬೇಕಾದಾಗ ಎಳೆದುಕೊಳ್ಳುವ ಬಟ್ಟೆಯ ಹೊದಿಕೆ. (ನಮ್ಮ ಕರಾವಳಿಯ ಆಷಾಢಕ್ಕೆ ಇಂತಹ ವಾಹನ ಒಂದು ಗಳಿಗೆಯೂ ಒದಗದೆಂಬುದು ಬೇರೆ ಮಾತು.) 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿ.ಸಿ. ಕಾರುಗಳು ಸುಮಾರು ಹತ್ತು ಸಾವಿರ. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜಾಗ್ವಾರ್ ಎಕ್ಸ್.ಕೆ. 120 ಬಂದಿತು. ಅಷ್ಟು ಜನ ಅದನ್ನು ಕೇಳಿಯಾರೆಂದು ಕಂಪನಿಯೇ ಎಣಿಸಿರಲಿಲ್ಲ. ಉಕ್ಕಿನ ಮೈಯನ್ನು ಒತ್ತುವ ಅಚ್ಚುಗಳು ಸಿದ್ಧವಾಗುವವರೆಗೆ ಮರದ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊದಿಸಿ ಕೈಯಿಂದಲೇ ಸುಮಾರು 240 ವಾಹನಗಳನ್ನು ಕಟ್ಟಿದರು. ಆ ಬಳಿಕ ಉಕ್ಕಿನವು ಸಾವಿರಾರು ಬಂದವು. ಇಂದು ಹರಾಜಿನಲ್ಲಿ ಅಧಿಕ ಬೆಲೆ ಆ ತಗಡಿನವಕ್ಕೆ! ಅಂದು ಅನಿವಾರ್ಯಕ್ಕೆ ಮಾಡಿದ ತಾತ್ಕಾಲಿಕ ಏರ್ಪಾಡು ಇಂದು ರತ್ನವಾಗಿದೆ. ಕಟ್ಟಿದ ಕಮ್ಮಾರನಿಗೆ ದೊರೆತದ್ದು ಅಂದಿನ ವಾರದ ಕೂಲಿ ಮಾತ್ರ.

ಹರಾಜಿನ ಬೆಲೆ ಏನನ್ನು ಹೇಳುತ್ತದೆಂಬುದನ್ನು ಗಮನಿಸಿರಿ. ಗೆದ್ದವನು ಎಷ್ಟರವರೆಗೆ ಏರಲು ಸಿದ್ಧನಿದ್ದನೆಂಬುದು ಯಾರಿಗೂ ತಿಳಿಯುವುದಿಲ್ಲ. ಎರಡನೆಯವನು ಸೋತು ಸುಮ್ಮನಾದ ಕಡೆಯಲ್ಲಿ ಸುತ್ತಿಗೆ ಬೀಳುತ್ತದೆ. ಆ ಅಂಕೆ ವಸ್ತುವಿನ ಗುಣವನ್ನು ಅಳೆಯುವುದಕ್ಕಿಂತ ಸೋತವನ ಆಸೆಯನ್ನು ಅಳೆಯುತ್ತದೆ. ಆ ದಿನ ಆ ಎರಡನೆಯವನು ನೆಗಡಿಯಾಗಿ ಮನೆಯಲ್ಲಿ ಮಲಗಿದ್ದರೆ ಅದೇ ವಾಹನ ಅರ್ಧ ಬೆಲೆಗೆ ಹೋದೀತು.

ಜಾತ್ರೆಯ ಲಿಲಾವಿನಲ್ಲಿಯೂ ಒಂದು ತೆಂಗಿನಕಾಯಿ ಸಾವಿರಾರು ರೂಪಾಯಿಗೆ ಏರುವುದುಂಟಲ್ಲ ಎಂದು ತಾವು ಕೇಳಬಹುದು. ಪ್ರಶ್ನೆ ಸಮಂಜಸವಾದುದೇ. ಆದರೆ ಅಲ್ಲಿ ಕೂಗುವವನಿಗೆ ಅದು ಕಾಯಿಯ ಬೆಲೆಯಲ್ಲವೆಂದು ಗೊತ್ತು. ಹಣ ದಾಸೋಹಕ್ಕೆ ಸಲ್ಲುತ್ತದೆ, ಕಾಯಿ ಅಂದೇ ಒಡೆದು ಹತ್ತು ಬಾಯಿಗೆ ಸೇರುತ್ತದೆ. ಮುಂದಿನ ವರ್ಷ ಹೆಚ್ಚಿಗೆ ಮಾರೋಣವೆಂದು ಅದನ್ನು ಕಪಾಟಿನಲ್ಲಿ ಇಟ್ಟವರನ್ನು ಯಾರೂ ಕಂಡಿಲ್ಲ.

ಈ ಸಂಗ್ರಾಹಕರ ಇನ್ನೊಂದು ನಿಷ್ಠೆ ಮೂಲರೂಪದ್ದು. ಎಂಜಿನ್ನಿನ ಸಂಖ್ಯೆಯೂ ಚಾಸಿಸ್ಸಿನ ಸಂಖ್ಯೆಯೂ ಕಾರ್ಖಾನೆಯ ದಾಖಲೆಗೆ ತಾಳೆಯಾಗಬೇಕು. ಒಂದು ಭಾಗ ಬದಲಾದರೆ ಬೆಲೆ ಕುಸಿಯುತ್ತದೆ. ರಥವೆಂದರೆ ಗಾಲಿಯೇ, ಅಚ್ಚೇ, ನೊಗವೇ ಎಂದು ನಾಗಸೇನನು ಮಿಳಿಂದ ರಾಜನನ್ನು ಕೇಳಿದ ಕಥೆ ಬಲ್ಲವರಿಗೆ ಇದು ಹೊಸ ಸಮಸ್ಯೆಯಲ್ಲ. ಕುಮಟಾ ತಾಲೂಕಿನ ಗೋಕರ್ಣದಲ್ಲಿ ಶಿವರಾತ್ರಿಯ ಉತ್ಸವಕ್ಕೆ ಮಹಾರಥವನ್ನು ಎಳೆಯುತ್ತಾರೆ. ಯಾವುದೇ ತೇರಿನಲ್ಲಿ ಹಗ್ಗ ಜೀರ್ಣವಾದರೆ ಹೊಸ ಹಗ್ಗ, ಗಾಲಿ ಬಿರಿದರೆ ಹೊಸ ಗಾಲಿ. ಆದರೂ ಅದು ಅಜ್ಜಂದಿರು ಎಳೆದ ತೇರೇ ಎಂಬುದರಲ್ಲಿ ಭಕ್ತನಿಗೆ ಸಂದೇಹ ಬಾರದು. ಎಳೆಯುವ ಕೈಗಳು ತಪ್ಪದೆ ಬರುತ್ತಿರುವುದೇ ಅದರ ಮೂಲರೂಪ. ಬದಲಾಗದಿರಲೆಂದು ಕತ್ತಲ ಕೋಣೆಯಲ್ಲಿ ಬೀಗ ಹಾಕಿದ ರೋಡ್‌ಸ್ಟರ್ ಆದರೋ ತನ್ನ ತಿರುಪು ತಿರುಪನ್ನೂ ಉಳಿಸಿಕೊಂಡು, ರೋಡಿನ ನಂಟನ್ನು ಕಳೆದುಕೊಂಡಿದೆ.

ಹಾಗೆಂದು ಬೆಲೆಯನ್ನು ಪೂರ್ತಿ ಹಳಿಯುವುದೂ ನ್ಯಾಯವಲ್ಲ. ಬೆಲೆ ಬಂದುದರಿಂದಲೇ ಎಷ್ಟೋ ವಾಹನಗಳು ಗುಜರಿಯವನ ಸುತ್ತಿಗೆಯಿಂದ ಪಾರಾದವು. ಕೂಡಿಟ್ಟವರೆಲ್ಲ ಬಚ್ಚಿಟ್ಟವರೂ ಅಲ್ಲ: ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ನಮ್ಮ ಭಾಗದ ಯಾತ್ರಿಕರ ಮಕ್ಕಳು ಕಣ್ಣರಳಿಸಿ ನಿಲ್ಲುತ್ತಾರೆ, ಶ್ರೀರಂಗಪಟ್ಟಣದ ಬಳಿ 2023ರಲ್ಲಿ ‘ಪಯಣ’ ಎಂಬ ಸಂಗ್ರಹಾಲಯವೂ ತೆರೆಯಿತು. ನನ್ನ ಆಕ್ಷೇಪವಿರುವುದು, ಬೆಲೆಯು ವಸ್ತುವಿನ ಉದ್ದೇಶವನ್ನೇ ನುಂಗುವ ಸ್ಥಿತಿಗೆ.

ಪಿತ್ರಾರ್ಜಿತದಲ್ಲಿ ಹಳೆಯ ಫಿಯೆಟ್ಟೋ ಜೀಪೋ ಬಂದವರು ನಮ್ಮ ವಾಚಕರಲ್ಲಿಯೂ ಇರಬಹುದು. ಐವತ್ತು ವರ್ಷ ದಾಟಿದ, ಮೂಲರಚನೆ ಬದಲಾಗದ ವಾಹನಕ್ಕೆ 2021ರ ಕೇಂದ್ರ ನಿಯಮದಂತೆ ಪಾರಂಪರಿಕ ನೋಂದಣಿ ಸಾಧ್ಯ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್ಯಾಲಿ, ದುರಸ್ತಿ, ಇಂಧನ ಇವಕ್ಕಷ್ಟೇ ರಸ್ತೆಗಿಳಿಸಬಹುದು. ಮಾರಬೇಕೆ, ಮುಚ್ಚಿಡಬೇಕೆ, ಓಡಿಸಬೇಕೆ ಎಂಬುದನ್ನು ಅಣ್ಣತಮ್ಮಂದಿರು ಕುಳಿತು ನಿಶ್ಚಯಿಸುವ ಮೊದಲು ನಮ್ಮ ಉಪ್ಪುಗಾಳಿಯನ್ನು ನೆನೆಯಲಿ. ಅದು ಯಾರ ತೀರ್ಮಾನಕ್ಕೂ ಕಾಯುವುದಿಲ್ಲ. ನಿಂತ ಎಂಜಿನ್ ಕಚ್ಚಿಕೊಳ್ಳುತ್ತದೆ, ತಗಡು ಒಳಗಿನಿಂದಲೇ ತೂತಾಗುತ್ತದೆ.

ಇನ್ನೊಂದು ವಿಚಿತ್ರವನ್ನು ಕಂಡಿದ್ದೇನೆ. ವಾಹನದ ಬೆಲೆಯನ್ನು ಲಕ್ಷಗಳಲ್ಲಿ ಸಾರುವವರೇ ಮಿಸ್ತ್ರಿಯ ಕೂಲಿಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಕಾರ್ಬುರೇಟರನ್ನು ಬಿಚ್ಚಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಹೊಂದಿಸಬಲ್ಲ ಹಿರಿಯ ಮಿಸ್ತ್ರಿಗಳು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ. ಆ ವಿದ್ಯೆಯನ್ನು ಯಾವ ಹರಾಜಿನಲ್ಲಿಯೂ ಕೊಳ್ಳಲಾಗದು. ತಮ್ಮ ಊರಿನಲ್ಲಿ ಅಂತಹವರೊಬ್ಬರಿದ್ದರೆ, ಕೇಳಿದ ಕೂಲಿಯನ್ನು ಕೊಟ್ಟು ಆ ಹಳೆಯ ಎಂಜಿನ್ನನ್ನು ಒಮ್ಮೆ ಬಿಚ್ಚಿಸಿರಿ. ಬಿಚ್ಚುವಾಗ ಮನೆಯ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿರಿ.