ಇಲ್ಲದ ತಲೆಯ ಪ್ರಶ್ನೆ

ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ದ ನಮ್ಮವರು ಕೋಟಾಸಾರಸ್ ಎಂಬ ಡೈನೊಸಾರಿನ ಅಸ್ಥಿಪಂಜರವನ್ನು ನೋಡಿರಬಹುದು. ಗೋದಾವರಿ ಕಣಿವೆಯ ಯಾಮನಪಲ್ಲಿಯ ಬಳಿ ಸುಮಾರು 18 ಕೋಟಿ ವರ್ಷ ನೆಲದಡಿ ಮಲಗಿದ್ದ ಜೀವಿ ಅದು. ಆದರೆ ಅಲ್ಲಿ ಸಿಕ್ಕಿದ್ದು ಕಡಿಮೆಯೆಂದರೂ 12 ಪ್ರಾಣಿಗಳ ಬೆರೆತ ಮೂಳೆಗಳು. ತಲೆಬುರುಡೆ ದೊರೆಯಲಿಲ್ಲ; ಎರಡು ಹಲ್ಲು ಮಾತ್ರ ದೊರೆತವು.

ಇಂಥ ಮೂಳೆಗಳನ್ನು ಕಬ್ಬಿಣದ ಸರಳಿಗೆ ಜೋಡಿಸುವವನ ಮುಂದೆ ಒಂದು ಧರ್ಮಸಂಕಟ ನಿಲ್ಲುತ್ತದೆ. ಸಿಗದ ಮೂಳೆಯನ್ನು ಪ್ಲಾಸ್ಟರಿನಲ್ಲಿ ಮಾಡಿಟ್ಟರೆ ಸುಳ್ಳು ಹೇಳಿದಂತಾಗುವುದಿಲ್ಲವೆ? ಬಿಟ್ಟರೆ, ನೋಡಬಂದ ಮಗುವಿಗೆ ಪ್ರಾಣಿಯ ಆಕಾರವೇ ತಿಳಿಯುವುದಿಲ್ಲವಲ್ಲ!

ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ವಸ್ತುಸಂಗ್ರಹಾಲಯದಲ್ಲಿ ಈ ಪ್ರಶ್ನೆ ಬಹುಕಾಲ ಕಾಡಿತು. 1909ರಲ್ಲಿ ಸಿಕ್ಕ ಅಪಟೊಸಾರಸ್‌ನ ಕತ್ತಿಗೆ ತಲೆ ಅಂಟಿಕೊಂಡಿರಲಿಲ್ಲ. ಹತ್ತಿರದಲ್ಲೇ ದೊರೆತ ನೀಳಮುಖದ ಬುರುಡೆಯೇ ಇದರದ್ದೆಂದು ನಿರ್ದೇಶಕ ಹಾಲೆಂಡರಿಗೆ ತೋರಿತು. ಪ್ರಬಲ ವಿದ್ವಾಂಸರು ಒಪ್ಪಲಿಲ್ಲ. 1915ರಲ್ಲಿ ಅಸ್ಥಿಪಂಜರ ತಲೆಯಿಲ್ಲದೆಯೇ ನಿಂತಿತು. 1932ರಲ್ಲಿ ಹಾಲೆಂಡ್ ತೀರಿಕೊಂಡ ಮೇಲೆ ಬೇರೊಂದು ಜಾತಿಯ ಮೊಂಡುಮುಖದ ತಲೆಯನ್ನು ಅದಕ್ಕೆ ಕೂರಿಸಿದರು. 1979ರಲ್ಲಿ ಅದನ್ನು ತೆಗೆದು ನೀಳಮುಖದ ತಲೆಯನ್ನೇ ಇಡಬೇಕಾಯಿತು.

ಬರಿಯ ಕತ್ತು ನೋಡಿದವರು "ತಲೆ ಎಲ್ಲಿ?" ಎಂದು ಕೇಳುತ್ತಿದ್ದರು. ತಪ್ಪು ತಲೆ ಬಂದಮೇಲೆ ಕೇಳಲು ಕಾರಣವೇ ಉಳಿಯಲಿಲ್ಲ.

ಹಾಗೆಂದು ತುಂಬುವುದೇ ಪಾಪವಲ್ಲ. ಹಳೆಯ ವಸ್ತುಗಳನ್ನು ದುರಸ್ತಿ ಮಾಡುವವರಲ್ಲಿ ಒಂದು ಸೂತ್ರವಿದೆ: ತೇಪೆ ಆರಡಿ ದೂರಕ್ಕೆ ಕಾಣಬಾರದು, ಆರಂಗುಲ ಹತ್ತಿರಕ್ಕೆ ಕಾಣಲೇಬೇಕು. ಕಚೇರಿಯಲ್ಲಿ ಕಡತದ ಹಾಳೆ ಕಳೆದರೆ ನಾವೂ ಇನ್ನೊಂದನ್ನು ಸಿದ್ಧಪಡಿಸುತ್ತೇವೆ. ಮೇಲೆ "ನಕಲು" ಎಂದು ಬರೆದು, ತಾರೀಖು ಹಾಕಿ, ರುಜು ಮಾಡುತ್ತೇವೆ. ಆ ಒಂದು ಪದ ಇಲ್ಲದಿದ್ದರೆ, ಒಳಗಿನ ಅಕ್ಷರವೆಲ್ಲ ಸರಿಯಿದ್ದರೂ ಅದು ಖೋಟಾ ಕಾಗದವೇ. ಊಹೆ ನಿಜವಾದ ಮಾತ್ರಕ್ಕೆ ಮರೆಮಾಚಿದ ದೋಷ ಹೋಗದು.

ಹೊರನಾಡಿನಲ್ಲಿರುವ ನಾವೆಲ್ಲ ಒಂದು ರೀತಿಯಲ್ಲಿ ಮೂಳೆ ಜೋಡಿಸುವವರೇ. ಊರನ್ನೇ ಕಾಣದ ಮಕ್ಕಳಿಗೆ ಮನೆತನದ ಕಥೆ ಹೇಳುತ್ತೇವೆ. ಮುತ್ತಜ್ಜ ಊರು ಬಿಟ್ಟದ್ದು ಬರದಿಂದಲೋ ಸಾಲದಿಂದಲೋ ದಾಯಾದಿ ಜಗಳದಿಂದಲೋ ತಿಳಿಯದಾಗ, ಗೌರವವಾಗಿ ಕಾಣುವ ಕಾರಣವೊಂದನ್ನು ಕೂರಿಸಿಬಿಡುತ್ತೇವೆ. ಮಕ್ಕಳು ನಂಬುತ್ತಾರೆ, ಮುಂದೆ ಅವರ ಮಕ್ಕಳಿಗೆ ಅದೇ ಇತಿಹಾಸ.

ಕಥೆ ಹೇಳೋಣ, ಧಾರಾಳವಾಗಿ ಹೇಳೋಣ. ಆದರೆ "ಇಷ್ಟು ಅಜ್ಜಿ ಹೇಳಿದ್ದು, ಇಷ್ಟು ನನ್ನ ಊಹೆ" ಎಂಬ ಮಾತನ್ನೂ ಸೇರಿಸೋಣ. ಆಗ ಮುಂದೊಂದು ದಿನ ಊರಿಗೆ ಹೋದ ಮಗುವಿಗೆ ಏನನ್ನು ವಿಚಾರಿಸಬೇಕೆಂಬುದಾದರೂ ಗೊತ್ತಿರುತ್ತದೆ.